ಕೊರಳಿನಿಂದ ಕೊರಳಿಗೆ ಬಂದ ಚರಿತ್ರೆ

ಕಳೆದ ಆಗಸ್ಟ್ ತಿಂಗಳಿನಲ್ಲಿ ನನ್ನ ಮೊಮ್ಮಗಳು ಸ್ವಾತಂತ್ರ್ಯೋತ್ಸವಕ್ಕೆಂದು ಶಾಲೆಯಲ್ಲಿ ಹೇಳಿಕೊಟ್ಟ ಹಾಡೊಂದನ್ನು ಮನೆಯ ಪಡಸಾಲೆಯಲ್ಲಿ ಅಭ್ಯಾಸ ಮಾಡುತ್ತಿದ್ದಳು. ಇಂಗ್ಲಿಷಿನಲ್ಲಿ ‘ವಿ ಷಲ್ ಓವರ್‌ಕಮ್’ ಎಂದು ಹೆಸರಾದ ಆ ಹಾಡು ಹಿಂದಿಗೂ ಕನ್ನಡಕ್ಕೂ ಬಂದು, ನಮ್ಮ ಶಾಲೆಗಳ ಪ್ರಾರ್ಥನೆಯ ಸಾಲಿನಲ್ಲಿ ಎಷ್ಟೋ ವರ್ಷಗಳಿಂದ ನೆಲೆನಿಂತಿದೆ. ಹಾಡು ಮುಗಿಸಿದ ಹುಡುಗಿ ನನ್ನ ಕಡೆ ತಿರುಗಿ, “ತಾತ, ಗೆಲ್ಲುತ್ತೇವೆ ಅಂತ ಹೇಳುತ್ತಿರುವವರು ಯಾರು? ಅವರು ಸೋತಿದ್ದು ಯಾವಾಗ?” ಎಂದು ಕೇಳಿದಳು. ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ತಟ್ಟನೆ ಉತ್ತರ ತೋಚಲಿಲ್ಲ. “ಅದು ಅಮೆರಿಕದ ಕಪ್ಪು ಜನರ ಹಾಡು, ಮಗು” ಎಂದಷ್ಟೇ ಹೇಳಿ ಜಾರಿಕೊಂಡೆ. ಆಮೇಲೆ ಮನಸ್ಸಿಗೆ ನಾಚಿಕೆಯಾಯಿತು. ಮಗು ಕೇಳಿದ್ದು ನಿಜವಾದ ಪ್ರಶ್ನೆ. ನಾನು ಕೊಟ್ಟದ್ದು ಉತ್ತರವಲ್ಲ, ಒಂದು ವಿಳಾಸ ಮಾತ್ರ.

ಒಂದು ಜನಾಂಗದ ಚರಿತ್ರೆಯನ್ನು ಮಕ್ಕಳಿಗೆ ಅದರ ಹಾಡುಗಳ ಮೂಲಕ ಹೇಳಬಹುದೆ? ಹೇಳುವುದಾದರೆ ಅದರಲ್ಲಿರುವ ನೋವನ್ನು ಎಷ್ಟು ಹೇಳಬೇಕು, ಎಷ್ಟನ್ನು ತಡೆಹಿಡಿಯಬೇಕು? ಬಾನುಲಿಯ ಈ ಅಲ್ಪಾವಧಿಯಲ್ಲಿ ನಾನು ವಿಚಾರ ಮಾಡಬಯಸುವುದು ಇಷ್ಟನ್ನೇ.

ಆಫ್ರಿಕನ್-ಅಮೆರಿಕನ್ನರ ಮಟ್ಟಿಗೆ ಈ ಪ್ರಶ್ನೆಗೆ ಒಂದು ವಿಶೇಷವಾದ ಔಚಿತ್ಯವಿದೆ. ಆಫ್ರಿಕದಿಂದ ಸೆರೆಹಿಡಿದು ತಂದ ಜನರನ್ನು ವರ್ಜೀನಿಯದ ಇಂಗ್ಲಿಷ್ ವಸಾಹತಿನಲ್ಲಿ ಇಳಿಸಿದ್ದು 1619ರಲ್ಲಿ. 1860ರ ವೇಳೆಗೆ ಅಮೆರಿಕದಲ್ಲಿ ಗುಲಾಮರಾಗಿದ್ದವರ ಸಂಖ್ಯೆ ಸುಮಾರು 40 ಲಕ್ಷ. ಅವರಿಗೆ ಅಕ್ಷರ ಕಲಿಸುವುದು ದಕ್ಷಿಣದ ಹಲವು ರಾಜ್ಯಗಳಲ್ಲಿ ಶಿಕ್ಷಾರ್ಹ ಅಪರಾಧವಾಗಿತ್ತು. ದಿನಚರಿ ಬರೆಯಲಾಗದವರು, ಪತ್ರ ಬರೆಯಲಾಗದವರು, ತಮ್ಮ ಮಗುವಿನ ಹೆಸರನ್ನು ಕೂಡ ಒಂದು ಹಾಳೆಯಲ್ಲಿ ದಾಖಲಿಸಿಡಲಾಗದವರು ತಮ್ಮ ಬಾಳನ್ನು ಎಲ್ಲಿ ಕಾಪಿಟ್ಟಾರು? ಕೊರಳಿನಲ್ಲಿ. ಬೇರೆ ಜನಾಂಗಗಳಿಗೆ ಹಾಡು ಚರಿತ್ರೆಯ ಅಲಂಕಾರ. ಇವರಿಗೆ ಹಾಡೇ ಚರಿತ್ರೆಯ ಕಡತ.

ಕೊರಳೇ ಏಕೆ, ವಾದ್ಯವೇಕಲ್ಲ ಎಂಬುದಕ್ಕೂ ಒಂದು ಕಾರಣವಿದೆ. ದಕ್ಷಿಣ ಕರೋಲಿನದಲ್ಲಿ 1739ರಲ್ಲಿ ಸ್ಟೋನೋ ನದಿಯ ಬಳಿ ಗುಲಾಮರು ದಂಗೆಯೆದ್ದು, ಡೋಲು ಬಾರಿಸುತ್ತ ನಡೆದರು. ದಂಗೆ ಅಡಗಿತು. ಮರುವರ್ಷ ಆ ವಸಾಹತು ಮಾಡಿದ ಕಾನೂನು ಗುಲಾಮರ ಕೈಯಿಂದ ಡೋಲು, ಕಹಳೆಗಳನ್ನು ಕಸಿದುಕೊಂಡಿತು. ಡೋಲಿನ ಸದ್ದು ದೂರದವರಿಗೆ ಸಂದೇಶ ಕೊಂಡೊಯ್ಯಬಲ್ಲದೆಂಬ ಭಯ ಯಜಮಾನರದು. ಆದರೆ ಮನುಷ್ಯನಿಂದ ಅವನ ಅಂಗೈಯನ್ನೂ ಅಂಗಾಲನ್ನೂ ಕಸಿದುಕೊಳ್ಳುವುದು ಹೇಗೆ? ಡೋಲಿನ ಕೆಲಸವನ್ನು ಚಪ್ಪಾಳೆ, ತೊಡೆತಟ್ಟು, ಕಾಲಿನ ಹೆಜ್ಜೆಗಳು ವಹಿಸಿಕೊಂಡವು. ಒಬ್ಬ ಹೇಳುವುದು, ಉಳಿದವರು ಸೊಲ್ಲು ಕೊಡುವುದು ಎಂಬ ಪಶ್ಚಿಮ ಆಫ್ರಿಕದ ಹಾಡುಗಾರಿಕೆಯ ಕ್ರಮ ಹತ್ತಿಯ ಹೊಲಗಳಲ್ಲಿಯೂ ಪ್ರಾರ್ಥನಾಸಭೆಗಳಲ್ಲಿಯೂ ಮುಂದುವರಿಯಿತು. ಈ ಕ್ರಮದಲ್ಲಿ ಕೇವಲ ಕೇಳುಗ ಎಂಬವನೇ ಇಲ್ಲ. ಒಬ್ಬ ಬಳಲಿದಾಗ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಪದ ಬಾರದವನೂ ಸೊಲ್ಲಿಗೆ ಸೇರಿಕೊಳ್ಳಬಲ್ಲ.

ಬೈಬಲ್ಲಿನ ಕಥೆಗಳನ್ನು ಆಧರಿಸಿ ಈ ಜನ ಕಟ್ಟಿಕೊಂಡ ಭಕ್ತಿಗೀತೆಗಳಿಗೆ ‘ಸ್ಪಿರಿಚುಯಲ್’ ಎಂದು ಹೆಸರು. ಈಜಿಪ್ಟಿನ ದಾಸ್ಯದಿಂದ ತನ್ನ ಜನರನ್ನು ಬಿಡಿಸಿ ತಂದ ಮೋಸೆಸ್, ಸಿಂಹಗಳ ಗುಹೆಯಿಂದ ಪಾರಾದ ಡೇನಿಯಲ್, ದಾಟಬೇಕಾದ ಜೋರ್ಡನ್ ನದಿ ಇವು ಆ ಹಾಡುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹಾಡುವವರಿಗೆ ಫೇರೋ ದೊರೆ ಹಳೆಯ ಪುರಾಣದವನಾಗಿರಲಿಲ್ಲ. ದಿನವೂ ಎದುರಿಗೆ ಕಾಣುವವನಾಗಿದ್ದ. ಯಜಮಾನರ ಕಿವಿಗೆ ಮಾತ್ರ ಇವು ಸಂತೃಪ್ತರ ಹಾಡುಗಳಾಗಿ ಕೇಳಿಸಿದವು. ಮೇರಿಲ್ಯಾಂಡಿನ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ತನ್ನ ಆತ್ಮಕಥೆಯಲ್ಲಿ ಈ ಭ್ರಮೆಯನ್ನು ಖಂಡಿಸಿದ. ಗುಲಾಮರು ಹಾಡುವುದು ಸುಖಕ್ಕಲ್ಲ. ದುಃಖ ಮಿತಿಮೀರಿದಾಗಲೇ ಅವರು ಹೆಚ್ಚು ಹಾಡುತ್ತಾರೆ. ಕಣ್ಣೀರಿನಂತೆ ಹಾಡೂ ಎದೆಯ ಭಾರವನ್ನು ಇಳಿಸುತ್ತದೆ ಎಂಬುದು ಅವನ ಮಾತಿನ ತಾತ್ಪರ್ಯ. ಮಕ್ಕಳಿಗೆ ಈ ಹಾಡುಗಳನ್ನು ಕಲಿಸಬೇಕೆನ್ನುವವರು ಮೊದಲು ಅರಿಯಬೇಕಾದ ಸಂಗತಿ ಇದು. ರಾಗ ಇಂಪಾಗಿದೆಯೆಂಬ ಕಾರಣಕ್ಕೆ ಹಾಡಿದವರೂ ಸುಖವಾಗಿದ್ದರೆಂದು ಮಗು ಭಾವಿಸಿದರೆ, ನಾವು ಹಾಡು ಕಲಿಸಿದೆವು, ಸುಳ್ಳನ್ನೂ ಕಲಿಸಿದೆವು.

ಅಂತರ್ಯುದ್ಧ ಮುಗಿದ ಮೇಲೆ, 1867ರಲ್ಲಿ, ಅಲೆನ್, ವೇರ್, ಲೂಸಿ ಮೆಕಿಮ್ ಗ್ಯಾರಿಸನ್ ಎಂಬ ಮೂವರು ಇಂತಹ 136 ಹಾಡುಗಳನ್ನು ಸ್ವರಲಿಪಿಯೊಡನೆ ಪುಸ್ತಕವಾಗಿ ಪ್ರಕಟಿಸಿದರು. ಗುಲಾಮರ ಹಾಡುಗಳ ಮೊದಲ ದೊಡ್ಡ ಸಂಗ್ರಹ ಅದೇ. ಆ ಕಂಠಗಳ ಏರಿಳಿತವನ್ನು ಕಾಗದದ ಮೇಲೆ ಇಳಿಸುವುದು ತಮ್ಮಿಂದಾಗದೆಂದು ಸಂಪಾದಕರೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ.

ಈ ಹಾಡುಗಳನ್ನು ಜಗತ್ತಿಗೆ ಕೇಳಿಸಿದವರು ಮಾತ್ರ ವಿದ್ಯಾರ್ಥಿಗಳು. ಬಿಡುಗಡೆ ಹೊಂದಿದವರ ವಿದ್ಯಾಭ್ಯಾಸಕ್ಕಾಗಿ 1866ರಲ್ಲಿ ಟೆನೆಸಿ ರಾಜ್ಯದ ನ್ಯಾಷ್‌ವಿಲ್ಲಿನಲ್ಲಿ ಫಿಸ್ಕ್ ವಿದ್ಯಾಸಂಸ್ಥೆ ಆರಂಭವಾಯಿತು. ಐದು ವರ್ಷಗಳಲ್ಲಿ ಅದು ಸಾಲದಲ್ಲಿ ಮುಳುಗಿತು. ಖಜಾಂಚಿಯೂ ಸಂಗೀತದ ಮೇಷ್ಟರೂ ಆಗಿದ್ದ ಜಾರ್ಜ್ ವೈಟ್ 1871ರ ಅಕ್ಟೋಬರ್ 6ರಂದು ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು, ಹಾಡಿ ಹಣ ತರಲು ಹೊರಟ. ಆ ತರುಣ ತರುಣಿಯರಲ್ಲಿ ಬಹುಪಾಲಿನವರು ಹುಟ್ಟಿನಿಂದ ಗುಲಾಮರಾಗಿದ್ದವರು. ಆಗಿನ ಬಿಳಿಯ ಪ್ರೇಕ್ಷಕರಿಗೆ ಕಪ್ಪು ಜನರ ಸಂಗೀತವೆಂದರೆ, ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ನಗೆಯಾಟ. ಇವರು ಹಾಗೆ ಕುಣಿಯಲಿಲ್ಲ. ಸಭ್ಯ ಉಡುಪಿನಲ್ಲಿ ಗಂಭೀರವಾಗಿ ನಿಂತು ಹಾಡಿದರು.

ಇಲ್ಲಿ ಒಂದು ಸೂಕ್ಷ್ಮವಾದ ಸಂಗತಿಯಿದೆ. ಸ್ಪಿರಿಚುಯಲ್‌ಗಳನ್ನು ಪರರ ಮುಂದೆ ಹಾಡಲು ಈ ವಿದ್ಯಾರ್ಥಿಗಳಿಗೆ ಮೊದಲು ಮನಸ್ಸಿರಲಿಲ್ಲ. ಅವು ತಮ್ಮ ತಂದೆತಾಯಂದಿರು ಪ್ರಾರ್ಥನೆಯಲ್ಲಿ ಹಾಡಿಕೊಂಡ ಪವಿತ್ರ ಗೀತೆಗಳು, ಜೊತೆಗೆ ಮರೆಯಬೇಕೆನಿಸುವ ದಾಸ್ಯದ ನೆನಪು ಕೂಡ ಎಂಬುದು ಅವರ ಸಂಕೋಚವೆಂದು ತಂಡದ ಪಿಯಾನೊ ವಾದಕಿ ಎಲ್ಲ ಷೆಪರ್ಡ್ ಮುಂದೆ ಹೇಳಿಕೊಂಡಿದ್ದಾಳೆ. ಆದರೆ ಅವರು ಹಾಡಿದ ಯುರೋಪಿನ ಗೀತೆಗಳಿಗಿಂತ ಈ ಹಾಡುಗಳೇ ಸಭೆಗಳನ್ನು ಮೌನಗೊಳಿಸಿದವು. ಹಳೆಯ ಒಡಂಬಡಿಕೆಯಲ್ಲಿ ದಾಸರಿಗೆ ಬಿಡುಗಡೆ ದೊರೆಯುವ ವರ್ಷಕ್ಕೆ ಜ್ಯೂಬಿಲಿ ಎಂದು ಹೆಸರು. ತಂಡ ಆ ಹೆಸರನ್ನೇ ಇಟ್ಟುಕೊಂಡಿತು. 1872ರಲ್ಲಿ ಅಧ್ಯಕ್ಷ ಗ್ರಾಂಟನ ಮುಂದೆ, 1873ರಲ್ಲಿ ವಿಕ್ಟೋರಿಯ ರಾಣಿಯ ಮುಂದೆ ಅವರು ಹಾಡಿದರು. ಹಾಡಿ ತಂದ ಹಣದಿಂದ ಕಟ್ಟಿದ ಜ್ಯೂಬಿಲಿ ಹಾಲ್ 1876ರಲ್ಲಿ ಪೂರ್ಣವಾಯಿತು, ಇಂದಿಗೂ ನಿಂತಿದೆ. ಅಕ್ಷರ ಕಲಿಯಬಾರದೆಂದು ತಡೆಯಲ್ಪಟ್ಟವರ ಮಕ್ಕಳು ಆ ತಡೆಯ ಕಾಲದ ಹಾಡುಗಳನ್ನೇ ಹಾಡಿ ವಿದ್ಯಾಲಯವನ್ನು ಉಳಿಸಿದರು. ಹತ್ತು ವರ್ಷದ ಮಗುವಿಗೂ ಈ ಕಥೆಯ ನ್ಯಾಯ ಅರ್ಥವಾಗುತ್ತದೆ.

ಇದಕ್ಕಿಂತಲೂ ನನಗೆ ಪ್ರಿಯವಾದ ಇನ್ನೊಂದು ಘಟನೆಯಿದೆ. ಫ್ಲಾರಿಡ ರಾಜ್ಯದ ಜ್ಯಾಕ್‌ಸನ್‌ವಿಲ್ ಪಟ್ಟಣದಲ್ಲಿ ಕಪ್ಪು ಮಕ್ಕಳ ಶಾಲೆಯಾದ ಸ್ಟ್ಯಾಂಟನ್ ಶಾಲೆಗೆ ಜೇಮ್ಸ್ ವೆಲ್ಡನ್ ಜಾನ್ಸನ್ ಮುಖ್ಯೋಪಾಧ್ಯಾಯರಾಗಿದ್ದರು. ಲಿಂಕನ್ನನ ಜನ್ಮದಿನಕ್ಕೆಂದು ಅವರು ಒಂದು ಗೀತೆ ಬರೆದರು. ತಮ್ಮ ರೋಸಮಂಡ್ ಜಾನ್ಸನ್ ರಾಗ ಸಂಯೋಜಿಸಿದರು. 1900ರ ಫೆಬ್ರವರಿ 12ರಂದು 500 ಶಾಲಾಮಕ್ಕಳು ಅದನ್ನು ಒಕ್ಕೊರಲಿನಿಂದ ಹಾಡಿದರು. ‘ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್’ ಎಂಬುದು ಆ ಗೀತೆ. ಸಮಾರಂಭ ಮುಗಿಯಿತು, ಮರುವರ್ಷ ಪಟ್ಟಣ ಭೀಕರ ಅಗ್ನಿಗೆ ತುತ್ತಾಯಿತು, ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋಗಿ ನೆಲೆಸಿ, ಆ ಹಾಡನ್ನು ಬಹುಮಟ್ಟಿಗೆ ಮರೆತರು. ಕವಿ ಮರೆತದ್ದನ್ನು ಮಕ್ಕಳು ಮರೆಯಲಿಲ್ಲ. ಅವರು ಬೇರೆ ಶಾಲೆಗಳಿಗೆ ಹೋದರು, ಅಲ್ಲಿ ಹಾಡಿದರು. ಅವರಲ್ಲಿ ಕೆಲವರು ಉಪಾಧ್ಯಾಯರಾದರು, ತಮ್ಮ ಮಕ್ಕಳಿಗೆ ಕಲಿಸಿದರು. ಇಪ್ಪತ್ತು ವರ್ಷಗಳಲ್ಲಿ ದಕ್ಷಿಣದ ನಾಡಿನಲ್ಲೆಲ್ಲ ಆ ಹಾಡು ಹರಡಿತ್ತೆಂದು ಜಾನ್ಸನ್ನರೇ ಬೆರಗಿನಿಂದ ನೆನೆಯುತ್ತಾರೆ. ಇಂದು ಅದಕ್ಕೆ ಕಪ್ಪು ಜನರ ರಾಷ್ಟ್ರಗೀತೆಯೆಂಬ ಗೌರವವಿದೆ. ಮಕ್ಕಳಿಗೆ ಹಾಡಿನ ಮೂಲಕ ಚರಿತ್ರೆ ಹೇಳುವ ಮಾತನ್ನು ನಾವಾಡುತ್ತೇವೆ. ಇಲ್ಲಿ ಮಕ್ಕಳೇ ಹಾಡಿನ ಮೂಲಕ ಚರಿತ್ರೆಯನ್ನು ಮಾಡಿದ್ದಾರೆ.

ದೊಡ್ಡ ಗೀತೆಗಳಷ್ಟೇ ಅಲ್ಲ, ಮಕ್ಕಳ ಚಪ್ಪಾಳೆಯಾಟದ ಪದಗಳಲ್ಲಿಯೂ ಈ ಚರಿತ್ರೆ ಅಡಗಿದೆ. ಜಾರ್ಜಿಯ ರಾಜ್ಯದವರಾದ ಬೆಸ್ಸಿ ಜೋನ್ಸ್ ಎಂಬ ಹಾಡುಗಾರ್ತಿ 1902ರಲ್ಲಿ ಹುಟ್ಟಿ 1984ರಲ್ಲಿ ತೀರಿಕೊಂಡರು. ಗುಲಾಮಗಿರಿಯ ಕಾಲವನ್ನು ಕಂಡಿದ್ದ ಅಜ್ಜನಿಂದ ಆಕೆ ನೂರಾರು ಆಟದ ಪದಗಳನ್ನು ಕಲಿತಿದ್ದರು. ಬೆಸ್ ಲೋಮ್ಯಾಕ್ಸ್ ಹಾಸ್ ಎಂಬ ವಿದುಷಿಯ ಜೊತೆಗೂಡಿ ಆಕೆ ರಚಿಸಿದ ‘ಸ್ಟೆಪ್ ಇಟ್ ಡೌನ್’ ಎಂಬ ಪುಸ್ತಕ 1972ರಲ್ಲಿ ಹೊರಬಂದಿತು. ಅದರಲ್ಲಿ ‘ಜೂಬ’ ಎಂಬ ಆಟದ ಪದವಿದೆ. ತೊಡೆ ತಟ್ಟಿ, ಅಂಗೈ ತಟ್ಟಿ, ವೇಗವಾಗಿ ಹೇಳುವ ತಮಾಷೆಯ ಪ್ರಾಸದ ಪದ. ಬೆಸ್ಸಿ ಜೋನ್ಸ್ ಕೊಡುವ ಅರ್ಥವಿವರಣೆಯನ್ನು ಕೇಳಿದರೆ ತಮಾಷೆ ಅಲ್ಲಿಗೇ ನಿಲ್ಲುತ್ತದೆ. ಜೂಬ ಎಂದರೆ ಯಜಮಾನನ ಮನೆಯಲ್ಲಿ ಉಳಿದುಬಿದ್ದ ಊಟದ ಚೂರುಪಾರುಗಳನ್ನೆಲ್ಲ ಕಲಸಿ ಗುಲಾಮರಿಗೆ ಕೊಡುತ್ತಿದ್ದ ಎಂಜಲು. ಹಸಿವನ್ನೂ ಅವಮಾನವನ್ನೂ ಮಕ್ಕಳ ಆಟವಾಗಿ ಮಾರ್ಪಡಿಸಿ, ಮೂರು ತಲೆಮಾರು ಕಾಪಾಡಿಕೊಂಡು ಬಂದ ಆ ಜನರ ಧೃತಿ ಎಂತಹುದು! ಪಾಠಪುಸ್ತಕದ ಒಂದು ಅಧ್ಯಾಯ ಹೇಳಲಾರದ್ದನ್ನು ಈ ಚಪ್ಪಾಳೆ ಹೇಳುತ್ತದೆ. ಮಗು ಮೊದಲು ಆಡಲಿ. ಕೈಗೆ ಲಯ ಹತ್ತಿದ ಮೇಲೆ, ಇದು ಯಾರ ಊಟದ ಪದವೆಂದು ತಿಳಿಯಲಿ. ಆಗ ಅದು ಆ ಲಯವನ್ನು ಮರೆಯುವುದೂ ಇಲ್ಲ, ಆ ಊಟವನ್ನು ಮರೆಯುವುದೂ ಇಲ್ಲ.

ಈ ದಾರಿಯನ್ನು ಒಂದು ಬೋಧನಕ್ರಮವಾಗಿ ಬೆಳೆಸಿದವರಲ್ಲಿ ಎಲ್ಲ ಜೆಂಕಿನ್ಸ್ ಮುಖ್ಯರು. 1924ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿ ಶಿಕಾಗೋ ನಗರದಲ್ಲಿ ಬೆಳೆದ ಆಕೆಯ ಮೊದಲ ಧ್ವನಿಮುದ್ರಿಕೆ 1957ರಲ್ಲಿ ಫೋಕ್‌ವೇಸ್ ಸಂಸ್ಥೆಯಿಂದ ಹೊರಬಂದಿತು. ಹೇಳುವುದು ಮತ್ತು ಸೊಲ್ಲು ಕೊಡುವುದು ಎಂಬ ಕ್ರಮದ ಹೆಸರೇ ಅದರ ಹೆಸರು. ಅಮೆರಿಕದ ಮತ್ತು ಪಶ್ಚಿಮ ಆಫ್ರಿಕದ ಪದಗಳನ್ನು ಆಕೆ ಅದರಲ್ಲಿ ಮಕ್ಕಳಿಗೆ ಹೇಳಿಕೊಟ್ಟಿದ್ದಾರೆ. ಮಕ್ಕಳ ಮುಂದೆ ಆಕೆ ಪ್ರದರ್ಶನ ನೀಡುವವರಲ್ಲ. ಒಂದು ಸಾಲು ಹೇಳಿ ಕಾಯುವವರು. ಉಪದೇಶವಿಲ್ಲದೆ, ಕಣ್ಣೀರಿನ ಪ್ರದರ್ಶನವಿಲ್ಲದೆ, ಒಂದು ಸಂಸ್ಕೃತಿಯ ಉಸಿರಾಟದ ಲಯವನ್ನೇ ಮಗುವಿನ ಎದೆಗೆ ದಾಟಿಸುವ ವಿಧಾನ ಅದು. ನೂರು ವರ್ಷ ಬಾಳಿ ಆಕೆ 2024ರಲ್ಲಿ ತೀರಿಕೊಂಡರು. ಅದೇ ವರ್ಷ ಅಗಲಿದ ಬರ್ನಿಸ್ ಜಾನ್ಸನ್ ರೀಗನ್ ಇನ್ನೊಬ್ಬ ಹಿರಿಯರು. ಪಕ್ಕವಾದ್ಯವಿಲ್ಲದೆ ಹಾಡುವ ಮಹಿಳೆಯರ ತಂಡವೊಂದನ್ನು ಅವರು 1973ರಲ್ಲಿ ಕಟ್ಟಿದರು. ಆ ತಂಡ 1989ರಲ್ಲಿ ಮಕ್ಕಳಿಗಾಗಿಯೇ ಬಿಡುಗಡೆಯ ಹಾಡುಗಳ ಧ್ವನಿಮುದ್ರಿಕೆಯನ್ನು ಹೊರತಂದಿತು. ವಿದ್ಯಾರ್ಥಿನಿಯಾಗಿದ್ದಾಗ, 1961ರಲ್ಲಿ, ಜಾರ್ಜಿಯದ ಆಲ್ಬನಿಯಲ್ಲಿ ಮೆರವಣಿಗೆಯ ಹೊತ್ತಿಗೆ ಹಾಡಬೇಕೆಂದು ಯಾರೋ ಕೇಳಿದಾಗ, ತಾವು ಎತ್ತಿಕೊಂಡ ಹಳೆಯ ಹಾಡಿನಲ್ಲಿ ಕಷ್ಟ ಎಂಬ ಅರ್ಥದ ಪದವಿದ್ದ ಕಡೆ ಬಿಡುಗಡೆ ಎಂಬ ಪದವನ್ನು ಇಟ್ಟು ಹಾಡಿದ್ದನ್ನು ಅವರು ನೆನೆದಿದ್ದಾರೆ. ಪರಂಪರೆ ಬದುಕಿರುವುದು ಹೀಗೆ.

ಇಷ್ಟಾದರೂ ಈ ದಾರಿಯಲ್ಲಿ ಒಂದು ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಮಕ್ಕಳಿಗೆ ಹೇಳುವಾಗ ಕಥೆ ರಂಜಕವಾಗಿರಲೆಂದು ನಾವು ಚರಿತ್ರೆಯನ್ನು ತಿದ್ದಿಬಿಡುತ್ತೇವೆ. ‘ಫಾಲೊ ದ ಡ್ರಿಂಕಿಂಗ್ ಗೋರ್ಡ್’ ಎಂಬ ಹಾಡು ಅಮೆರಿಕದ ಶಾಲೆಗಳಲ್ಲಿ ಬಹು ಪ್ರಸಿದ್ಧ. ನೀರು ಕುಡಿಯುವ ಸೋರೆಬುರುಡೆ ಎಂದರೆ ಸಪ್ತರ್ಷಿಮಂಡಲ; ಅದರ ಗುರುತಿನಿಂದ ಧ್ರುವನಕ್ಷತ್ರವನ್ನು ಹಿಡಿದು ಉತ್ತರಕ್ಕೆ ಓಡಿರೆಂದು ಗುಲಾಮರಿಗೆ ದಾರಿ ತೋರಿಸಿದ ಗುಪ್ತ ನಕಾಶೆಯೇ ಈ ಹಾಡು ಎಂದು ಕಲಿಸುತ್ತಾರೆ. ಕಥೆ ಸೊಗಸಾಗಿದೆ. ಆದರೆ ಈ ಹಾಡು ಮೊದಲು ಅಚ್ಚಾದದ್ದು 1928ರಲ್ಲಿ, ಗುಲಾಮಗಿರಿ ಅಳಿದು ಅರುವತ್ತು ವರ್ಷಗಳ ಮೇಲೆ. ಇಂದು ಹೆಚ್ಚಾಗಿ ಹಾಡುವ ಪಾಠವನ್ನು ಲೀ ಹೇಸ್ ಎಂಬ ಗಾಯಕ 1947ರಲ್ಲಿ ಸಿದ್ಧಪಡಿಸಿದ. ನಕಾಶೆಯ ಕಥೆಯನ್ನು ವಿದ್ವಾಂಸರು ಸಂದೇಹಿಸುತ್ತಾರೆ.

ಹಾಗಾದರೆ ಆ ಹಾಡನ್ನು ಬಿಟ್ಟುಬಿಡಬೇಕೆ? ಬೇಕಿಲ್ಲ. ಓಡಿಹೋದವರಿಗೆ ಧ್ರುವನಕ್ಷತ್ರ ನಿಜವಾಗಿಯೂ ದಿಕ್ಕಾಗಿತ್ತು. ಡಗ್ಲಸ್ 1847ರಲ್ಲಿ ಆರಂಭಿಸಿದ ಪತ್ರಿಕೆಗೆ ಆ ನಕ್ಷತ್ರದ ಹೆಸರನ್ನೇ ಇಟ್ಟಿದ್ದ. ಅನೇಕರನ್ನು ಬಿಡುಗಡೆಯ ನಾಡಿಗೆ ಕರೆತಂದ ಹ್ಯಾರಿಯಟ್ ಟಬ್‌ಮನ್ ಹಾಡನ್ನು ಸಂಕೇತವಾಗಿ ಬಳಸುತ್ತಿದ್ದಳೆಂದು 1869ರಲ್ಲಿ ಆಕೆಯ ಜೀವನವನ್ನು ಬರೆದ ಸಾರಾ ಬ್ರ್ಯಾಡ್‌ಫರ್ಡ್ ದಾಖಲಿಸಿದ್ದಾಳೆ. ಯಾವುದು ದಾಖಲೆ, ಯಾವುದು ಐತಿಹ್ಯ ಎಂಬ ಭೇದವನ್ನು ಮಕ್ಕಳಿಗೂ ಹೇಳಿದರಾಯಿತು. ಆ ಭೇದವನ್ನು ಗ್ರಹಿಸಲಾರದಷ್ಟು ಮಕ್ಕಳು ದಡ್ಡರೆಂದು ಭಾವಿಸುವುದು ನಮ್ಮ ಸೋಮಾರಿತನ. ಅನ್ಯಾಯಕ್ಕೆ ಒಳಗಾದವರ ಚರಿತ್ರೆಗೆ ಕಟ್ಟುಕಥೆಯ ನೆರವು ಬೇಕಾಗಿಲ್ಲ. ಒಂದು ಸುಳ್ಳು ಸಿಕ್ಕಿಬಿದ್ದರೆ ನೂರು ನಿಜಗಳನ್ನೂ ಅಲ್ಲಗಳೆಯಲು ಕಾದಿರುವವರು ಇದ್ದೇ ಇರುತ್ತಾರೆ. 2021ರಿಂದೀಚೆಗೆ ಅಮೆರಿಕದ ಹಲವು ರಾಜ್ಯಗಳು ಜನಾಂಗಭೇದದ ಚರಿತ್ರೆಯನ್ನು ಶಾಲೆಯಲ್ಲಿ ಹೇಗೆ ಹೇಳಬೇಕು, ಹೇಗೆ ಹೇಳಬಾರದು ಎಂಬುದರ ಬಗ್ಗೆ ಕಾನೂನುಗಳನ್ನೇ ಮಾಡಿವೆ. ಇಂತಹ ಕಾಲದಲ್ಲಿ ಉಪಾಧ್ಯಾಯನ ಬಳಿ ಇರುವ ಆಸರೆ ನಿಷ್ಠುರವಾದ ಸತ್ಯವೊಂದೇ.

ಇನ್ನು ನನ್ನ ಮೊಮ್ಮಗಳ ಹಾಡಿಗೆ ಬರೋಣ. ಅದಕ್ಕೆ ಒಬ್ಬ ಕರ್ತೃವಿಲ್ಲ. ಅದರ ಬೇರುಗಳು ಕಪ್ಪು ಜನರ ಚರ್ಚುಗಳ ಹಳೆಯ ಹಾಡುಗಳಲ್ಲಿವೆ. ಅಲ್ಲಿ ಅದು ‘ನಾನು’ ಎಂಬ ಏಕವಚನದ ಹಾಡು. 1945ರಲ್ಲಿ ದಕ್ಷಿಣ ಕರೋಲಿನದ ಚಾರ್ಲ್‌ಸ್ಟನ್ ನಗರದಲ್ಲಿ ಹೊಗೆಸೊಪ್ಪಿನ ಕಾರ್ಖಾನೆಯ ಕೆಲಸಗಾರರು ಕೂಲಿಗಾಗಿ ಮುಷ್ಕರ ಹೂಡಿದರು. ಅವರಲ್ಲಿ ಹೆಚ್ಚಿನವರು ಕಪ್ಪು ಹೆಂಗಸರು. ಚಳಿಗಾಲದ ಆ ಮುಷ್ಕರದಲ್ಲಿ ಲೂಸಿಲ್ ಸಿಮನ್ಸ್ ಎಂಬ ಕೆಲಸಗಾರ್ತಿ ಅದನ್ನು ನಿಧಾನಗತಿಯಲ್ಲಿ ಎಳೆದು ಹಾಡುತ್ತಿದ್ದಳಂತೆ. ‘ನಾನು’ ಎಂಬುದು ಅಲ್ಲಿ ‘ನಾವು’ ಆಯಿತು. ಅಲ್ಲಿಂದ ಹಾಡು ಟೆನೆಸಿಯ ಹೈಲ್ಯಾಂಡರ್ ಜನಶಾಲೆಗೆ ಬಂದಿತು. ಬಿಳಿಯರೂ ಕರಿಯರೂ ಒಂದೇ ಪಂಕ್ತಿಯಲ್ಲಿ ಕೂತು ಕಲಿಯುತ್ತಿದ್ದ, ಆ ಕಾರಣಕ್ಕೇ ಸರ್ಕಾರದ ಕಣ್ಣು ಕೆಂಪಾಗಿದ್ದ ಶಾಲೆ ಅದು. 1959ರಲ್ಲಿ ಒಂದು ರಾತ್ರಿ ಪೊಲೀಸರು ಅಲ್ಲಿಗೆ ದಾಳಿಯಿಟ್ಟರು. ಕತ್ತಲೆಯಲ್ಲಿ ಕುಳಿತಿದ್ದವರು ಹಾಡತೊಡಗಿದರು. ಆಗ ಜಮೀಲಾ ಜೋನ್ಸ್ ಎಂಬ ಹದಿಹರೆಯದ ಬಾಲಕಿಯ ಬಾಯಿಂದ, ತಮಗೆ ಅಂಜಿಕೆಯಿಲ್ಲವೆಂಬ ಅರ್ಥದ ಹೊಸ ನುಡಿಯೊಂದು ಹೊರಟು ಹಾಡಿಗೆ ಸೇರಿಕೊಂಡಿತು. 1960ರ ಏಪ್ರಿಲಿನಲ್ಲಿ ವಿದ್ಯಾರ್ಥಿ ಚಳವಳಿಗಾರರ ಸಭೆಗೆ ಗೈ ಕ್ಯಾರವಾನ್ ಅದನ್ನು ಹೇಳಿಕೊಟ್ಟ ಮೇಲೆ ಅದು ನಾಡಿನ ಹಾಡಾಯಿತು. 1963ರ ಮೇ ತಿಂಗಳಿನಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಶಾಲಾಮಕ್ಕಳು ಸಾವಿರಗಟ್ಟಲೆ ಹಾಡುತ್ತ ಬೀದಿಗಿಳಿದು, ಪೊಲೀಸ್ ನಾಯಿಗಳನ್ನೂ ಬೆಂಕಿ ಆರಿಸುವ ಕೊಳವೆಗಳ ನೀರಿನ ಹೊಡೆತವನ್ನೂ ಎದುರಿಸಿ ಸೆರೆಮನೆ ಸೇರಿದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಮತದಾನದ ಹಕ್ಕಿನ ಮಸೂದೆಯನ್ನು ಕುರಿತು ಮಾತನಾಡುತ್ತ ಆ ಹಾಡಿನ ಮಾತನ್ನೇ ಸಂಸತ್ತಿನಲ್ಲಿ ಉಚ್ಚರಿಸಬೇಕಾಯಿತು.

ನಮಗೂ ಈ ಹಾಡುಗಳಿಗೂ ಸಂಬಂಧವೇ ಇಲ್ಲವೆನ್ನುವಂತಿಲ್ಲ. 1936ರ ಫೆಬ್ರವರಿಯಲ್ಲಿ ಹೊವರ್ಡ್ ಥರ್ಮನ್ ಎಂಬ ಕಪ್ಪು ಧರ್ಮಗುರುವೂ ಆತನ ಪತ್ನಿ ಸೂ ಬೈಲಿ ಥರ್ಮನ್ನರೂ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡರು. ಗಾಂಧೀಜಿ ಗುಲಾಮಗಿರಿಯ ಬಗ್ಗೆ, ಜನಾಂಗಭೇದದ ಬಗ್ಗೆ ಕೇಳಿ ತಿಳಿದುಕೊಂಡು, ಕೊನೆಗೆ ಒಂದು ಸ್ಪಿರಿಚುಯಲ್ ಹಾಡಬೇಕೆಂದು ಕೇಳಿಕೊಂಡರು. ಏಸುವಿನ ಶಿಲುಬೆಯನ್ನು ಕುರಿತ ಹಾಡನ್ನು ಕೇಳಿದರು. ಅಹಿಂಸೆಯ ಕಲಬೆರಕೆಯಿಲ್ಲದ ಸಂದೇಶ ಪ್ರಾಯಶಃ ಈ ಜನರ ಮೂಲಕವೇ ಜಗತ್ತಿಗೆ ತಲುಪೀತೆಂದು ಅವರು ಆಗ ನುಡಿದರು. ಇನ್ನೂ ಹತ್ತಿರದ ನಂಟೊಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಬಾಳುವ ಸಿದ್ದಿಯರು ಆಫ್ರಿಕದಿಂದ ಬಂದವರ ಸಂತತಿ. ಅವರಲ್ಲಿ ಅನೇಕರ ಹಿರಿಯರನ್ನು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅವರ ಡಮಾಮಿಯ ಬಡಿತವನ್ನು ಉತ್ಸವದ ವೇದಿಕೆಯಲ್ಲಿ ಕಂಡು ಚಪ್ಪಾಳೆ ತಟ್ಟುವ ನಮ್ಮ ಮಕ್ಕಳಿಗೆ ಆ ಡೋಲು ಯಾವ ಕಡಲನ್ನು ದಾಟಿ ಬಂತೆಂದು ಯಾರು ಹೇಳಿದ್ದಾರೆ?

ಮೊಮ್ಮಗಳನ್ನು ನಾನು ಮತ್ತೊಂದು ಸಂಜೆ ಕೂರಿಸಿಕೊಂಡು ಈ ಕಥೆಯನ್ನು ಹೇಳಿದೆ. ಎಲ್ಲವನ್ನೂ ಹೇಳಲಿಲ್ಲ. ಬರ್ಮಿಂಗ್‌ಹ್ಯಾಮಿನ ಮಕ್ಕಳು ಗೆದ್ದ ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಅವರು ಮೆರವಣಿಗೆ ಹೊರಟ ಅದೇ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತರೆಂಬುದನ್ನು ಇನ್ನೆರಡು ವರ್ಷ ತಡೆದು ಹೇಳೋಣವೆಂದುಕೊಂಡೆ. ತಡೆದು ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೇನೆ; ಆ ನಿರ್ಧಾರ ಸರಿಯೋ ತಪ್ಪೋ ತಾಯಿತಂದೆಯರಾದ ನೀವು ಯೋಚಿಸಬೇಕು. ಕತ್ತಲೆಯಲ್ಲಿ ಹಾಡಿದ ಹುಡುಗಿಯ ಕಥೆಯನ್ನು ಮಾತ್ರ ಬಿಡಲಿಲ್ಲ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದ ಮಗು, “ಹಾಗಾದರೆ ಅವರು ಗೆದ್ದರಾ, ತಾತ?” ಎಂದಳು. “ಒಂದಷ್ಟು ಗೆದ್ದಿದ್ದಾರೆ, ಅದಕ್ಕೇ ಇನ್ನೂ ಹಾಡುತ್ತಿದ್ದಾರೆ” ಎಂದೆ. ಮರುದಿನ ಅಭ್ಯಾಸ ಮಾಡುವಾಗ ಅವಳು ಆ ಹಾಡನ್ನು ಎಂದಿಗಿಂತ ಸ್ವಲ್ಪ ನಿಧಾನವಾಗಿ ಹಾಡಿದಳು.